ನಾಯಿ ನಮ್ಮದೇ ಎಂದು ತೋರಿಸುವುದು ಹೇಗೆ? ನನ್ನ ಅನುಭವ

ನಾಯಿ ಕಳ್ಳತನ ಅಂದ ಕೂಡಲೇ ರಾತ್ರಿ ಗೋಡೆ ಹಾರಿ ಬರುವ ಯಾರೋ ಅಪರಿಚಿತ ನೆನಪಾಗುತ್ತಾನೆ. ಅಂಥವರೂ ಇದ್ದಾರೆ. ಆದರೆ ನಾನು ಹತ್ತಿರದಿಂದ ನೋಡಿದ ತಕರಾರುಗಳಲ್ಲಿ ಜಾಸ್ತಿ ಪಾಲು ಗೊತ್ತಿದ್ದವರ ನಡುವಿನವೇ. ಮನೆ ಬದಲಾಯಿಸುವಾಗ ನಾಯಿ ಕೊಟ್ಟು ಹೋದವರು, ಸ್ವಲ್ಪ ದಿನ ನೋಡಿಕೊಳ್ಳುತ್ತೇನೆ ಎಂದು ಕರೆದುಕೊಂಡು ಹೋದವರು, ಒಂದೇ ಮನೆಯಲ್ಲಿದ್ದು ಬೇರೆಯಾದವರು. ಇಂಥ ಕಡೆ ಗೇಟಿನ ಬೀಗದಿಂದ ಏನೂ ಆಗುವುದಿಲ್ಲ. ಕೈಯಲ್ಲಿ ಕಾಗದ ಇರಬೇಕು. ಆ ಕಾಗದವನ್ನು ಎಲ್ಲರೂ ನಗುನಗುತ್ತಾ ಮಾತಾಡುತ್ತಿರುವಾಗಲೇ ಮಾಡಿಸಿಕೊಳ್ಳಬೇಕು. ಜಗಳ ಶುರುವಾದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ನಮ್ಮ ಕೆಂಚ ನಮಗೆ ಮರಿಯಾಗಿ ಬಂದವನಲ್ಲ. ಪರಿಚಯದ ಒಂದು ಕುಟುಂಬ ದೂರದ ಊರಿಗೆ ಹೊರಟಿತ್ತು. ಅಲ್ಲಿನ ಮನೆಯಲ್ಲಿ ನಾಯಿ ಸಾಕಲು ಬಿಡುವುದಿಲ್ಲವಂತೆ. "ನೀವೇ ಇಟ್ಕೊಳ್ಳಿ, ನಿಮ್ಮ ಹತ್ರ ಇದ್ರೆ ನಮಗೂ ಸಮಾಧಾನ" ಎಂದರು ಆ ಮನೆಯ ಆಂಟಿ. ನನಗೆ ಖುಷಿಯೇ. ಆದರೂ ಒಂದು ಮಾತು ಕೇಳಿದೆ. "ಆಂಟಿ, ಕೊಟ್ಟಿದ್ದೀವಿ ಅಂತ ಒಂದು ಕಾಗದದಲ್ಲಿ ಬರೆದುಕೊಡ್ತೀರಾ? ಡಾಕ್ಟರ್ ಹತ್ರ ಹೆಸರು ಬದಲಾಯಿಸೋಕೆ ಬೇಕು." ಅವರು ನಕ್ಕರು. ನಾಯಿ ಕೊಡೋದಕ್ಕೂ ಪತ್ರಾನಾ ಎಂದರು. ಮುಜುಗರ ಆಗಿದ್ದು ನಿಜ. ಇಂಥ ಮಾತಿಗೆ ಡಾಕ್ಟರನ್ನು ಮುಂದೆ ಮಾಡುವುದು ಒಳ್ಳೆಯ ಉಪಾಯ, ಯಾರಿಗೂ ಬೇಸರ ಆಗುವುದಿಲ್ಲ.

ಪತ್ರಕ್ಕಿಂತ ಮೊದಲು ಇನ್ನೊಂದು ಕೆಲಸ ಮಾಡಿದೆ. ಕೆಂಚನನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಮೈಕ್ರೋಚಿಪ್ (ಗುರುತಿಗಾಗಿ ಚರ್ಮದ ಕೆಳಗೆ ಹಾಕುವ ನಂಬರಿನ ಚಿಪ್) ಸ್ಕ್ಯಾನ್ ಮಾಡಿಸಿದೆ. ನಂಬರ್ ಬಂತು. ಆ ನಂಬರ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ವಿಚಾರಿಸಿದರೆ ಆಂಟಿ ಹೆಸರಲ್ಲೂ ಇಲ್ಲ, ಅಂಕಲ್ ಹೆಸರಲ್ಲೂ ಇಲ್ಲ. ಬೇರೆ ಊರಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಮಗನ ಹೆಸರಲ್ಲಿತ್ತು. ಮರಿ ಕೊಂಡಾಗಿನ ರಸೀದಿಯೂ ಅವನದೇ. ಅಂದರೆ ಕೊಡುತ್ತೇನೆ ಎನ್ನುವವರಿಗೆ ಕೊಡುವ ಹಕ್ಕೇ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಬಂತು. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾಗುವುದಿಲ್ಲ ಅಲ್ವಾ? ಹಾಗಾಗಿ ಆಂಟಿಗೆ ಹೇಳಿ ಮಗನಿಗೆ ಫೋನ್ ಮಾಡಿಸಿದೆ. ನೋಂದಣಿಯನ್ನು ನನ್ನ ಹೆಸರಿಗೆ ವರ್ಗಾಯಿಸಲು ಒಪ್ಪಿಗೆ ಇದೆ ಎಂದು ಅವನೇ ಇಮೇಲ್ ಕಳಿಸಿದ.

ಪತ್ರ ಅರ್ಧ ಪುಟದ್ದು. ನಾಯಿಯ ಹೆಸರು, ತಳಿ, ಬಣ್ಣ, ವಯಸ್ಸು, ಚಿಪ್ ನಂಬರ್, ತಾರೀಕು. ಅದರಲ್ಲಿ ಮುಖ್ಯವಾದ ಸಾಲು ಒಂದೇ: "ಈ ನಾಯಿಯನ್ನು ಶಾಶ್ವತವಾಗಿ ಕೊಟ್ಟಿದ್ದೇವೆ, ತಾತ್ಕಾಲಿಕವಾಗಿ ನೋಡಿಕೊಳ್ಳಲು ಬಿಟ್ಟಿರುವುದಲ್ಲ." ಮುಂದೆ ಜಗಳ ಬಂದರೆ ಎಲ್ಲ ನಿಲ್ಲುವುದು ಈ ಸಾಲಿನ ಮೇಲೆ. ಕೊಟ್ಟದ್ದು ಬೇರೆ, ನೋಡಿಕೊಳ್ಳಲು ಬಿಟ್ಟದ್ದು ಬೇರೆ. ಬಾಯಿ ಮಾತಿನಲ್ಲಿ ಎರಡೂ "ನೀವು ಇಟ್ಕೊಳ್ಳಿ" ಎಂದೇ ಇರುತ್ತದೆ. ಆಂಟಿ, ಅಂಕಲ್ ಇಬ್ಬರೂ ಸಹಿ ಹಾಕಿದರು, ನಾನೂ ಹಾಕಿದೆ, ಪಕ್ಕದ ಮನೆಯವರು ಸಾಕ್ಷಿ ಹಾಕಿದರು. ಮಗನ ಇಮೇಲನ್ನು ಪ್ರಿಂಟ್ ತೆಗೆದು ಅದಕ್ಕೇ ಸೇರಿಸಿದೆ.

ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಬಹಳ ದಿನಗಳ ನಂತರ ಆ ಮಗ ಕೆಲಸ ಬಿಟ್ಟು ವಾಪಸ್ ಬಂದ. ಒಂದು ದಿನ ಗೇಟಿನ ಮುಂದೆ ನಿಂತಿದ್ದ. ಕೆಂಚ ಓಡಿ ಹೋಗಿ ಅವನ ಮೈಮೇಲೆ ಹಾರಿದ, ಮುಖ ನೆಕ್ಕಿದ. "ನೋಡಿ, ಅವನೇ ಹೇಳ್ತಿದ್ದಾನಲ್ಲ ಯಾರ ನಾಯಿ ಅಂತ. ಅಮ್ಮ ನೋಡಿಕೊಳ್ಳೋಕೆ ಬಿಟ್ಟಿದ್ರು ಅಷ್ಟೆ, ಕರ್ಕೊಂಡು ಹೋಗ್ತೀನಿ" ಎಂದ. ಅವನ ಫೋನಿನಲ್ಲಿ ಮರಿಯಾಗಿದ್ದಾಗಿನ ಫೋಟೋಗಳಿದ್ದವು, ಹಳೆಯ ರಸೀದಿಯೂ ಇತ್ತು. ಜೋರಾಗಿ ಮಾತಾಡುವ ಸಂದರ್ಭ ಅದಲ್ಲ. ಒಳಗೆ ಕರೆದು ಕೂರಿಸಿ ಪತ್ರ ತೋರಿಸಿದೆ. ಆಮೇಲೆ ಅವನದೇ ಇಮೇಲ್ ತೋರಿಸಿದೆ. ಅವನು ಅದನ್ನು ಕಳಿಸಿದ್ದೇ ಮರೆತಿದ್ದ. ಸುಳ್ಳು ಹೇಳುತ್ತಿರಲಿಲ್ಲ, ಅವನ ನೆನಪಿನಲ್ಲಿ ಕತೆ ಬೇರೆಯೇ ಆಗಿಬಿಟ್ಟಿತ್ತು. "ನೋಡಬೇಕು ಅನ್ನಿಸಿದಾಗ ಬಾರಪ್ಪ, ವಾಕಿಂಗ್ ಕರ್ಕೊಂಡು ಹೋಗು. ಆದ್ರೆ ಕೆಂಚ ಇಲ್ಲೇ ಇರ್ತಾನೆ" ಎಂದೆ. ಅಲ್ಲಿಗೆ ಮುಗಿಯಿತು. ಕಾಗದ ಇಲ್ಲದಿದ್ದರೆ ಹಳೆಯ ರಸೀದಿ ಅವನ ಕಡೆಯೇ ಮಾತಾಡುತ್ತಿತ್ತು.

ಬಾಲ ಅಲ್ಲಾಡಿಸುವುದು ಪುರಾವೆ ಅಲ್ಲ ಎಂದು ಅವತ್ತು ಕಣ್ಣಾರೆ ಕಂಡೆ. ಹೆಸರು ಕರೆದರೆ ಬರುವುದೂ ಅಷ್ಟೆ. ಬಿಸ್ಕತ್ತು ಹಿಡಿದವರೆಲ್ಲ ಕೆಂಚನಿಗೆ ಬಂಧುಗಳೇ.

ಈಗ ಚಿಪ್ ವಿಷಯ. ಇದರ ಬಗ್ಗೆ ತಪ್ಪು ಕಲ್ಪನೆ ಬಹಳ. ಚಿಪ್ ಹಾಕಿಸಿದರೆ ನಾಯಿ ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು ಎಂದು ಎಷ್ಟೋ ಜನ ನಂಬಿದ್ದಾರೆ. ಇಲ್ಲ. ಅಕ್ಕಿಕಾಳಿನಷ್ಟು ಚಿಕ್ಕ ಗಾಜಿನ ಕೊಳವೆ ಅದು. ಭುಜದ ಎಲುಬುಗಳ ನಡುವೆ, ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ, ಜಿಪಿಎಸ್ ಇರುವುದಿಲ್ಲ. ಸ್ಕ್ಯಾನರ್ ಹತ್ತಿರ ತಂದಾಗ ಅದರ ಅಲೆಯಿಂದಲೇ ಶಕ್ತಿ ಪಡೆದು ಒಂದು ನಂಬರ್ ಹೇಳುತ್ತದೆ, ಅಷ್ಟೆ. ನಿಮ್ಮ ಹೆಸರು, ವಿಳಾಸ ಯಾವುದೂ ಅದರೊಳಗೆ ಇಲ್ಲ. ಅವೆಲ್ಲ ಇರುವುದು ನೋಂದಣಿಯ ದಾಖಲೆಯಲ್ಲಿ.

ಈಗ ಹೆಚ್ಚಾಗಿ ಬಳಸುವುದು ಐಎಸ್‌ಒ 11784 ಮತ್ತು 11785 ಎಂಬ ಅಂತರರಾಷ್ಟ್ರೀಯ ಮಾನದಂಡದ ಚಿಪ್. ನಂಬರ್ 15 ಅಂಕಿಯದು, ಸ್ಕ್ಯಾನರ್ ಅದನ್ನು 134.2 ಕಿಲೋಹರ್ಟ್ಸ್‌ನಲ್ಲಿ ಓದುತ್ತದೆ. ಮೊದಲ ಮೂರು ಅಂಕಿ ದೇಶವನ್ನೋ ತಯಾರಕರನ್ನೋ ಸೂಚಿಸುತ್ತವೆ. ಹಳೆಯ ಕೆಲವು ಚಿಪ್‌ಗಳು 125 ಅಥವಾ 128 ಕಿಲೋಹರ್ಟ್ಸ್‌ನವು, ಎಲ್ಲ ಸ್ಕ್ಯಾನರ್‌ಗಳೂ ಅವನ್ನು ಓದುವುದಿಲ್ಲ. ಬೆಳೆದ ನಾಯಿಯನ್ನು ಬೇರೆಯವರಿಂದ ಪಡೆಯುವಾಗ ಇದನ್ನು ಗಮನಿಸಿ. ಒಂದು ಸ್ಕ್ಯಾನರ್ "ಇಲ್ಲ" ಎಂದರೆ ಚಿಪ್ ಇಲ್ಲ ಎಂದು ತೀರ್ಮಾನಿಸಬೇಡಿ. ಚಿಪ್ ನಿಧಾನಕ್ಕೆ ಜಾರಿ ಭುಜಕ್ಕೋ ಮುಂಗಾಲಿನ ಕಡೆಗೋ ಬಂದಿರುವುದೂ ಉಂಟು. ಅದಕ್ಕೇ ವರ್ಷಕ್ಕೊಮ್ಮೆ ಲಸಿಕೆಗೆ ಹೋದಾಗ ಡಾಕ್ಟರಿಗೆ "ಒಂದ್ಸಲ ಸ್ಕ್ಯಾನ್ ಮಾಡಿಬಿಡಿ" ಎನ್ನುತ್ತೇನೆ. ನಂಬರ್ ಬರುತ್ತಿದೆ ಎಂದು ನೋಡಿದ ಹಾಗಾಯಿತು, ಅವರ ಕಡತದಲ್ಲಿ ಆ ತಾರೀಕಿನ ಜೊತೆ ನಂಬರ್ ದಾಖಲಾದ ಹಾಗೂ ಆಯಿತು. ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ಅಮೆರಿಕದ ಆಶ್ರಯತಾಣಗಳಲ್ಲಿ ನಡೆಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬಂದ ಬಿಡಾಡಿ ನಾಯಿಗಳಲ್ಲಿ ಒಟ್ಟಾರೆ ಸುಮಾರು 22 ಶೇಕಡಾ ಮಾತ್ರ ಮಾಲೀಕರ ಕೈ ಸೇರಿದವು. ಚಿಪ್ ಇದ್ದ ನಾಯಿಗಳಲ್ಲಿ ಸುಮಾರು 52 ಶೇಕಡಾ. ಚಿಪ್ ಇದ್ದೂ ಮಾಲೀಕರು ಸಿಗದಿದ್ದಕ್ಕೆ ದೊಡ್ಡ ಕಾರಣ ಏನು ಗೊತ್ತಾ? ದಾಖಲೆಯಲ್ಲಿದ್ದ ಫೋನ್ ನಂಬರ್ ತಪ್ಪಾಗಿತ್ತು ಇಲ್ಲವೇ ಬಂದ್ ಆಗಿತ್ತು. ಚಿಪ್ ಸರಿಯಾಗಿಯೇ ಕೆಲಸ ಮಾಡಿತ್ತು, ಮಾಲೀಕರೇ ಸಿಮ್ ಬದಲಾಯಿಸಿ ಸುಮ್ನೆ ಕೂತಿದ್ದರು. ನಾನು ನೋಂದಣಿಯಲ್ಲಿ ನನ್ನ ನಂಬರ್ ಜೊತೆ ತಂಗಿಯ ನಂಬರನ್ನೂ ಹಾಕಿದ್ದೇನೆ.

ಕೆಂಚನ ಹೆಸರಲ್ಲಿ ಒಂದು ಫೈಲ್ ಇದೆ. ಮನೆಯವರು ನಗುತ್ತಾರೆ, ನಮ್ಮ ಫೈಲ್‌ಗಿಂತ ಅವನದೇ ದಪ್ಪ ಎಂದು. ಕೊಟ್ಟ ಪತ್ರ, ನೋಂದಣಿ ಬದಲಾದ ದಾಖಲೆ, ಲಸಿಕೆ ಕಾರ್ಡು, ಸಂತಾನಹರಣ ಚಿಕಿತ್ಸೆಯ ಬಿಲ್ಲು, ಸ್ಥಳೀಯ ಆಡಳಿತದ ಪರವಾನಗಿ, ಔಷಧಿ ಚೀಟಿಗಳು. ಎಲ್ಲದರಲ್ಲೂ ನನ್ನ ಹೆಸರೇ ಇರುವ ಹಾಗೆ ನೋಡಿಕೊಂಡಿದ್ದೇನೆ. ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೋ ಅವರ ಹೆಸರಲ್ಲಿ ಬಿಲ್ಲು ಬರೆದುಬಿಡುತ್ತಾರೆ, ಅಲ್ಲಿ ಒಂದು ಮಾತು ಹೇಳಿ ಸರಿಮಾಡಿಸಬೇಕು. ಬರೀ ಒಂದು ಕಾಗದ ಇದ್ದರೆ ಅದನ್ನು ಪ್ರಶ್ನಿಸಬಹುದು. ವರ್ಷಗಟ್ಟಲೆ ಒಂದೇ ಹೆಸರಿನಲ್ಲಿ ಬಂದ ಬಿಲ್ಲುಗಳ ಸಾಲನ್ನು ಪ್ರಶ್ನಿಸುವುದು ಕಷ್ಟ.

ಫೋಟೋಗಳಲ್ಲಿ ಮುದ್ದು ಮುಖ ಒಂದೇ ಸಾಲದು. ಎರಡೂ ಪಕ್ಕ, ಹಿಂಭಾಗ, ಹೊಟ್ಟೆ, ಪಾದ, ಹಲ್ಲು, ಕಿವಿಯೊಳಗಿನ ಮಚ್ಚೆ, ಹಳೆಯ ಗಾಯದ ಗುರುತು, ಎಲ್ಲ ಬೇಕು. ನಾನು ಜೊತೆಗಿರುವ ಫೋಟೋಗಳೂ ಬೇಕು. ಕೆಂಚನ ಮೂಗಿನದೂ ಒಂದು ಹತ್ತಿರದ ಫೋಟೋ ಇಟ್ಟಿದ್ದೇನೆ. ನಾಯಿಯ ಮೂಗಿನ ಗೆರೆಗಳು ಒಂದರ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಡಾದ ಕೆನೆಲ್ ಕ್ಲಬ್ 1938ರಲ್ಲೇ ಮೂಗಿನ ಅಚ್ಚನ್ನು ಗುರುತಾಗಿ ಒಪ್ಪಿಕೊಂಡಿತ್ತು. ಅಚ್ಚು ತೆಗೆಯಲು ಹೋದರೆ ಕೆಂಚ ಕಾಗದವನ್ನೇ ತಿಂದ, ಅದಕ್ಕೆ ಫೋಟೋ.

ಕತ್ತಿನ ಪಟ್ಟಿಯ ಬಿಲ್ಲೆಯ ಮೇಲೆ ನಾಯಿಯ ಹೆಸರು ಕೆತ್ತಿಸಿಲ್ಲ. ಹೆಸರು ಗೊತ್ತಾದರೆ ಕದಿಯುವವನಿಗೆ ಕರೆಯುವುದು ಸುಲಭ. ನನ್ನ ಫೋನ್ ನಂಬರ್, "ಚಿಪ್ ಇದೆ, ಸಂತಾನಹರಣ ಆಗಿದೆ" ಎಂಬ ಎರಡು ಮಾತು, ಅಷ್ಟೆ. ತಳಿ ನಾಯಿಗಳನ್ನು ಕದಿಯುವುದು ಎಷ್ಟೋ ಸಲ ಮರಿ ಹಾಕಿಸಿ ಮಾರುವುದಕ್ಕೆ. ಆ ಲಾಭ ಇಲ್ಲ ಎಂದು ಮೊದಲೇ ಗೊತ್ತಾದರೆ ಕೆಲವರಾದರೂ ಕೈಬಿಡುತ್ತಾರೆ. ಅಂಗಡಿ ಮುಂದೆ ಕಟ್ಟಿ ಒಳಗೆ ಹೋಗುವುದಿಲ್ಲ, ಕಾರಿನಲ್ಲಿ ಒಂಟಿಯಾಗಿ ಬಿಡುವುದಿಲ್ಲ. ಪಾರ್ಕಿನಲ್ಲಿ ಯಾರಾದರೂ ಬಂದು ಎಷ್ಟಕ್ಕೆ ತಗೊಂಡ್ರಿ, ಎಷ್ಟು ಹೊತ್ತಿಗೆ ಬರ್ತೀರಿ, ಮನೆ ಎಲ್ಲಿ ಎಂದು ಒಂದರ ಹಿಂದೆ ಒಂದು ಕೇಳಿದರೆ ನಕ್ಕು ಮುಂದೆ ನಡೆಯುತ್ತೇನೆ. ಅಲ್ಲಿದ್ದಾಗಲೇ ಆ ಜಾಗದ ಫೋಟೋ ಹಾಕುವುದಿಲ್ಲ, ಮನೆಗೆ ಬಂದ ಮೇಲೆ ಹಾಕಿದರೂ ಲೈಕ್ ಬಂದೇ ಬರುತ್ತದೆ.

ಟ್ರ್ಯಾಕರ್ ಬಗ್ಗೆ ಕೇಳುವವರು ಬಹಳ. ಜಿಪಿಎಸ್ ಇರುವ ಕತ್ತಿನ ಪಟ್ಟಿ ತಪ್ಪಿಸಿಕೊಂಡ ನಾಯಿಯನ್ನು ಹುಡುಕಲು ಒಳ್ಳೆಯದು, ಚಾರ್ಜ್ ಮಾಡುತ್ತಿರಬೇಕು. ಕದ್ದವನು ಮೊದಲು ಬಿಚ್ಚಿ ಎಸೆಯುವುದು ಅದನ್ನೇ. ಆಪಲ್ ಕಂಪನಿಯ ಚಿಕ್ಕ ಬಿಲ್ಲೆ ಏರ್‌ಟ್ಯಾಗ್ ಬ್ಲೂಟೂತ್‌ನಿಂದ ನಡೆಯುತ್ತದೆ, ಹತ್ತಿರದಲ್ಲಿ ಆಪಲ್ ಫೋನ್‌ಗಳಿದ್ದರೆ ಮಾತ್ರ ಜಾಗ ತೋರಿಸುತ್ತದೆ. ಅಪರಿಚಿತ ಟ್ಯಾಗ್ ಜೊತೆಯಲ್ಲಿ ಬರುತ್ತಿದೆ ಎಂದು ಆ ಫೋನಿನವರಿಗೆ ಎಚ್ಚರಿಕೆಯೂ ಕೊಡುತ್ತದೆ, ಕಳ್ಳನಿಗೂ ಕೂಡ.

ಊರಿಗೆ ಹೋಗುವಾಗ ಕೆಂಚನನ್ನು ಯಾರ ಹತ್ತಿರ ಬಿಟ್ಟರೂ ಒಂದು ಮೆಸೇಜ್ ಕಳಿಸುತ್ತೇನೆ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ನೋಡಿಕೊಳ್ಳಲು ಬಿಟ್ಟಿದ್ದೇನೆ, ಖರ್ಚು ನನ್ನದು, ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ಅವರಿಂದ "ಸರಿ" ಎಂದು ಬರಬೇಕು. ಒಟ್ಟಿಗೆ ಇರುವವರು ಸೇರಿ ನಾಯಿ ತಂದರೂ ಹೀಗೇ, ಬೇರೆಯಾದರೆ ಯಾರ ಹತ್ತಿರ ಇರಬೇಕು ಎಂದು ಮೊದಲೇ ಬರೆದಿಡುವುದು ಒಳ್ಳೆಯದು. ಬಹಳಷ್ಟು ಕಡೆ ಕಾನೂನು ಈಗಲೂ ನಾಯಿಯನ್ನು ಮೇಜು ಕುರ್ಚಿಯ ಸಾಲಿನಲ್ಲೇ ಇಡುತ್ತದೆ, ರಸೀದಿ ಯಾರದು ಎಂದು ಕೇಳುತ್ತದೆ. ಕೆಲವು ಕಡೆ ಬದಲಾಗಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ, ಸ್ಪೇನಿನಲ್ಲಿ 2022ರಿಂದ ದಂಪತಿ ಬೇರೆಯಾಗುವಾಗ ನ್ಯಾಯಾಧೀಶರು ಪ್ರಾಣಿಯ ಹಿತವನ್ನೂ ನೋಡಬಹುದು. ಇಂಗ್ಲೆಂಡಿನಲ್ಲಿ 2024ರ ಕಾಯ್ದೆ ನಾಯಿ ಬೆಕ್ಕುಗಳ ಅಪಹರಣವನ್ನೇ ಪ್ರತ್ಯೇಕ ಅಪರಾಧ ಮಾಡಿದೆ, 5 ವರ್ಷದವರೆಗೆ ಜೈಲು. ಪ್ರಾಣಿಯ ಹಿತ ನೋಡುವ ಕಡೆಯೂ ಇಷ್ಟು ದಿನ ನೋಡಿಕೊಂಡವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ ಉತ್ತರ ಅದೇ ಬಿಲ್ಲುಗಳ ಫೈಲು.

ಒಂದು ಸಲ ಗುಡುಗಿಗೆ ಹೆದರಿ ಕೆಂಚ ಓಡಿಹೋದ. ಮೊದಲು ನೋಂದಣಿಯಲ್ಲಿ "ಕಳೆದಿದೆ" ಎಂದು ಗುರುತು ಹಾಕಿಸಿದೆ, ಪೊಲೀಸರಿಗೆ ಬರೆದುಕೊಟ್ಟೆ, ಸುತ್ತಲಿನ ಪಶುವೈದ್ಯರಿಗೂ ಆಶ್ರಯತಾಣಗಳಿಗೂ ಚಿಪ್ ನಂಬರ್ ಕೊಟ್ಟೆ. ಪೋಸ್ಟರಿನಲ್ಲಿ ಮಾತ್ರ ನಂಬರ್ ಹಾಕಲಿಲ್ಲ. ಎಡಗಿವಿಯೊಳಗಿನ ಮಚ್ಚೆಯನ್ನೂ ಬರೆಯಲಿಲ್ಲ. ಬೇಕೆಂದೇ. ಒಬ್ಬ ಫೋನ್ ಮಾಡಿ ನಾಯಿ ನನ್ನ ಹತ್ರ ಇದೆ, ಮೊದಲು ದುಡ್ಡು ಹಾಕಿ ಎಂದ. ಎಡಗಿವಿ ಒಳಗೆ ಏನಿದೆ ನೋಡಿ ಹೇಳಿ ಎಂದೆ. ಏನೂ ಇಲ್ವಲ್ಲ ಎಂದು ಫೋನಿಟ್ಟ. ಆಮೇಲೆ ಒಬ್ಬ ಹೆಂಗಸು ಫೋನ್ ಮಾಡಿದರು. ಅದೇ ಪ್ರಶ್ನೆಗೆ "ಒಂದ್ನಿಮಿಷ ಇರಿ" ಎಂದು ಹೋಗಿ ನೋಡಿ ಬಂದು "ಕಪ್ಪು ಚುಕ್ಕೆ ಇದೆ" ಎಂದರು. ಅವರನ್ನು ಪಶುವೈದ್ಯರ ಹತ್ತಿರ ಬರಲು ಕೇಳಿಕೊಂಡೆ, ಅಲ್ಲೇ ಸ್ಕ್ಯಾನ್ ಮಾಡಿಸಿ ನಂಬರ್ ತಾಳೆ ನೋಡಿದೆವು. ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ, ನೋಂದಣಿಯಲ್ಲಿನ "ಕಳೆದಿದೆ" ಗುರುತನ್ನು ತೆಗೆಸುವುದು. ಇಲ್ಲದಿದ್ದರೆ ಮುಂದಿನ ಸ್ಕ್ಯಾನಿನಲ್ಲಿ ನಮ್ಮದೇ ನಾಯಿಯ ಜೊತೆ ನಾವೇ ಕಳ್ಳರ ಹಾಗೆ ನಿಂತಿರುತ್ತೇವೆ.