ಹತ್ತುವಾಗ ಉಸಿರು, ಇಳಿಯುವಾಗ ತೊಡೆ: ಸ್ನಾಯು ಕೆಲಸ ಮಾಡುವ ಮೂರು ಬಗೆ

ತಡಿಯಂಡಮೋಳ್ ಹತ್ತಿ ಬಂದವರನ್ನು ಎರಡು ದಿನ ಬಿಟ್ಟು ನೋಡಿ. ಮನೆಯ ಮೆಟ್ಟಿಲು ಹೇಗೋ ಹತ್ತುತ್ತಾರೆ. ಇಳಿಯುವಾಗ ಮಾತ್ರ ಗೋಡೆ ಹಿಡಿದುಕೊಂಡು, ಪಕ್ಕಕ್ಕೆ ತಿರುಗಿಕೊಂಡು, ಒಂದೊಂದೇ ಮೆಟ್ಟಿಲು. 1,748 ಮೀಟರ್ ಬೆಟ್ಟ, ಕೊಡಗಿನಲ್ಲೇ ಅತಿ ಎತ್ತರದ್ದು, ಹತ್ತಿದರೆ ನೋವು ಬರದೇ ಇರುತ್ತಾ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ತೊಡೆನೋವಿನ ಹೆಚ್ಚಿನ ಪಾಲು ಬಂದಿರುವುದು ಇಳಿದದ್ದರಿಂದ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಸ್ನಾಯುಗಳು ಯಾವ ಯಾವ ಬಗೆಯಲ್ಲಿ ಕೆಲಸ ಮಾಡುತ್ತವೆ ಅನ್ನುವುದು ಗೊತ್ತಿರಬೇಕು. ಪುಸ್ತಕ ತೆಗೆದರೆ ಕಾನ್ಸೆಂಟ್ರಿಕ್, ಎಕ್ಸೆಂಟ್ರಿಕ್, ಐಸೊಮೆಟ್ರಿಕ್ ಅಂತ ಸಾಲಾಗಿ ಹೆಸರು ಬರುತ್ತವೆ, ಮಕ್ಕಳು ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾನು ಮಕ್ಕಳಿಗೆ ಹಾಕಿ ಆಟ ಹೇಳಿಕೊಡುವಾಗ ಪುಸ್ತಕ ತೆಗೆಸುವುದಿಲ್ಲ. ಅವರ ಕೈಯನ್ನು ಅವರದೇ ತೋಳಿನ ಮೇಲೆ ಇಡಿಸುತ್ತೇನೆ. ನೀವೂ ಹಾಗೇ ಮಾಡಿ. ಬೇಕಾದ್ದು ಒಂದು ನೀರಿನ ಬಾಟಲಿ, ಒಂದು ಕುರ್ಚಿ, ನಾಲ್ಕು ಮೆಟ್ಟಿಲು, ಅಷ್ಟೇ.

ಮೊದಲು ಹಗ್ಗ ನೆನಪು ಮಾಡಿಕೊಳ್ಳಿ

ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ ನೋಡಿರುತ್ತೀರಲ್ವಾ? ಅಲ್ಲಿ ಮೂರು ಹೊತ್ತು ಬರುತ್ತದೆ. ಒಂದು, ನಮ್ಮ ಕಡೆಯವರು ಎಳೆದಂತೆಲ್ಲ ಹಗ್ಗ ನಮ್ಮ ಕಡೆಗೇ ಬರುತ್ತಿರುತ್ತದೆ. ಇನ್ನೊಂದು, ಎರಡೂ ಕಡೆಯವರು ಕೆಸರಿನಲ್ಲಿ ಹಿಮ್ಮಡಿ ಹೂತು ನಿಂತಿರುತ್ತಾರೆ, ಹಗ್ಗ ಒಂದಿಂಚೂ ಅಲುಗುವುದಿಲ್ಲ, ಆದರೆ ಮುಖವೆಲ್ಲ ಕೆಂಪು. ಮತ್ತೊಂದು, ನಾವು ಬಿಡದೆ ಎಳೆಯುತ್ತಲೇ ಇರುತ್ತೇವೆ, ಆದರೂ ಎದುರಿನವರ ಬಲ ಜಾಸ್ತಿಯಾಗಿ ನಿಧಾನವಾಗಿ ಮುಂದಕ್ಕೆ ಜಾರುತ್ತಿರುತ್ತೇವೆ. ಮೂರರಲ್ಲೂ ನಾವು ಎಳೆಯುತ್ತಲೇ ಇದ್ದೇವೆ, ಹಗ್ಗ ಯಾವ ಕಡೆ ಹೋಯಿತು ಅನ್ನುವುದಷ್ಟೇ ಬೇರೆ.

ಸ್ನಾಯುವಿನ ಒಳಗೂ ಹೆಚ್ಚು ಕಡಿಮೆ ಇದೇ ನಡೆಯುತ್ತದೆ. ಅಲ್ಲಿ ಆಕ್ಟಿನ್ ಅನ್ನುವ ತೆಳು ಎಳೆಗಳಿವೆ, ಮಯೋಸಿನ್ ಅನ್ನುವ ದಪ್ಪ ಎಳೆಗಳಿವೆ. ಮಯೋಸಿನ್ ಎಳೆಯಿಂದ ಪುಟ್ಟ ಪುಟ್ಟ ತಲೆಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಅವು ಆಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ಹಗ್ಗ ಎಳೆಯುವವರ ಕೈಗಳ ಹಾಗೆ. ಯಾವ ಎಳೆಯೂ ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಈ ವಿವರಣೆ ಹೊರಬಂದದ್ದು 1954ರಲ್ಲಿ, ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಎರಡು ಬೇರೆ ತಂಡಗಳಿಂದ. ಒಂದರಲ್ಲಿ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್, ಇನ್ನೊಂದರಲ್ಲಿ ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ. ಇಬ್ಬರು ಹಕ್ಸ್ಲಿಗಳೂ ನೆಂಟರಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ನಾವು ಗೋಡೆಯನ್ನು ತಳ್ಳುವಾಗಲೂ ಒಳಗೆ ಯಾವುದೋ ಸ್ನಾಯು ಯಾವುದೋ ಮೂಳೆಯನ್ನು ಎಳೆಯುತ್ತಿರುತ್ತದೆ.

ಈಗ ಬಾಟಲಿ ತೆಗೆದುಕೊಳ್ಳಿ

ಎರಡು ಲೀಟರ್ ಬಾಟಲಿಗೆ ನೀರು ತುಂಬಿಸಿ ಬಲಗೈಯಲ್ಲಿ ಹಿಡಿದು ಕೈ ಇಳಿಬಿಡಿ. ಎಡಗೈಯನ್ನು ಬಲತೋಳಿನ ಮುಂಭಾಗದ ಮೇಲೆ ಇಡಿ. ಮೊಣಕೈ ಮಡಚಿ ಬಾಟಲಿಯನ್ನು ಭುಜದ ಕಡೆ ತನ್ನಿ. ತೋಳು ಉಬ್ಬಿತು, ಗಟ್ಟಿಯಾಯಿತು. ಸ್ನಾಯು ಎಳೆಯುತ್ತಾ ಗಿಡ್ಡವಾಯಿತು. ಇದು ಕಾನ್ಸೆಂಟ್ರಿಕ್.

ಅರ್ಧಕ್ಕೆ ನಿಲ್ಲಿಸಿ ಹಾಗೇ ಹಿಡಿದುಕೊಳ್ಳಿ. ಬಾಟಲಿ ಅಲುಗುತ್ತಿಲ್ಲ, ಸ್ನಾಯುವಿನ ಉದ್ದವೂ ಬದಲಾಗುತ್ತಿಲ್ಲ, ಆದರೂ ಒಂದು ನಿಮಿಷಕ್ಕೆ ಕೈ ನಡುಗಲು ಶುರುವಾಗುತ್ತದೆ. ಇದು ಐಸೊಮೆಟ್ರಿಕ್. ಕೊಡವರ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಕೋವಿ ಅಲುಗದಂತೆ ಹಿಡಿಯುವುದೂ ಇದೇ. ಕರಿಮೆಣಸು ಕೊಯ್ಯುವವರು ಏಣಿಯ ಮೇಲೆ ಗಂಟೆಗಟ್ಟಲೆ ನಿಲ್ಲುತ್ತಾರಲ್ಲ, ಅವರ ಮೀನಖಂಡ ಮಾಡುವ ಕೆಲಸವೂ ಬಹುಪಾಲು ಇದೇ. ನೋಡುವವರಿಗೆ ಸುಮ್ನೆ ನಿಂತಂತೆ ಕಾಣುತ್ತದೆ, ನಿಂತವರಿಗೆ ಗೊತ್ತು. ರಕ್ತದೊತ್ತಡ ಇರುವವರಿಗೆ ಒಂದು ಮಾತು: ಹೀಗೆ ಬಿಗಿಯಾಗಿ ಹಿಡಿಯುವಾಗ ಉಸಿರು ಕಟ್ಟಬೇಡಿ, ಒತ್ತಡ ಒಮ್ಮೆಲೇ ಏರುತ್ತದೆ.

ಈಗ ಬರುವುದೇ ಮುಖ್ಯವಾದದ್ದು. ಬಾಟಲಿಯನ್ನು ನಿಧಾನವಾಗಿ, ಒಂದರಿಂದ ಐದು ಎಣಿಸುತ್ತಾ ಕೆಳಗೆ ಇಳಿಸಿ. ಇಳಿಸುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಯಾವ ಸ್ನಾಯು ಕೆಲಸ ಮಾಡುತ್ತದೆ? ಎತ್ತಿದ್ದು ಮುಂದಿನ ಸ್ನಾಯು, ಹಾಗಾಗಿ ಇಳಿಸುವುದು ಹಿಂದಿನದು ಅಂತ ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಹೇಳುತ್ತಾರೆ. ಎಡಗೈಯಿಂದ ಮುಟ್ಟಿ ನೋಡಿ. ತೋಳಿನ ಹಿಂಭಾಗ ಮೆತ್ತಗಿರುತ್ತದೆ, ಮುಂಭಾಗವೇ ಗಟ್ಟಿ. ಎತ್ತಿದ ಸ್ನಾಯುವೇ ಇಳಿಸುತ್ತಿದೆ. ಎಳೆಯುತ್ತಲೇ ಉದ್ದವಾಗುತ್ತಿದೆ. ಕೆಸರಿನಲ್ಲಿ ಜಾರುತ್ತಾ ಎಳೆಯುವ ತಂಡದ ಹಾಗೆ. ಇದು ಎಕ್ಸೆಂಟ್ರಿಕ್.

ಕನ್ನಡದಲ್ಲಿ ಸಂಕೋಚನ ಅಂತ ಬರೆಯುವುದರಿಂದ ಇನ್ನಷ್ಟು ಗೊಂದಲವಾಗುತ್ತದೆ ಅಂತ ನನಗೆ ಅನಿಸುತ್ತದೆ. ಸಂಕೋಚನ ಅಂದರೆ ಕುಗ್ಗುವುದು ಅಲ್ವಾ, ಹಾಗಾದರೆ ಉದ್ದವಾಗುತ್ತಾ ಸಂಕೋಚನ ಹೇಗೆ? ಇಲ್ಲಿ ಆ ಪದಕ್ಕೆ ಸ್ನಾಯು ಬಿಗಿಯಾಗಿ ಎಳೆಯುತ್ತಿದೆ ಅನ್ನುವ ಅರ್ಥ ಇಟ್ಟುಕೊಳ್ಳಿ. ಐಸೊಟೋನಿಕ್ ಅನ್ನುವ ಪದ ಸಿಕ್ಕರೆ ಹೆದರಬೇಡಿ. ಉದ್ದ ಬದಲಾಗುವ ಎರಡನ್ನೂ ಸೇರಿಸಿ ಹೇಳುವ ಹೆಸರು ಅದು. ಐಸೊಕೈನೆಟಿಕ್ ಅಂದರೆ ವೇಗ ಒಂದೇ ಸಮ ಇರುವುದು, ಅದಕ್ಕೆ ವಿಶೇಷ ಯಂತ್ರವೇ ಬೇಕು.

ಇಳಿಯುವಾಗ ಉಸಿರು ಹಗುರ, ತೊಡೆಗೆ ಭಾರ

1952ರಲ್ಲಿ ಇಂಗ್ಲೆಂಡಿನ ಅಬಾಟ್, ಬಿಗ್ಲಂಡ್ ಮತ್ತು ರಿಚಿ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು, ಇನ್ನೊಬ್ಬರು ತಮ್ಮ ಪೆಡಲ್ ಹಿಂದಕ್ಕೆ ಬರುವುದನ್ನು ತಡೆಯಬೇಕು. ಇಬ್ಬರ ಕಾಲಿಗೂ ಬಲ ಒಂದೇ, ವೇಗ ಒಂದೇ. ಆದರೆ ತಡೆಯುವವರಿಗಿಂತ ತುಳಿಯುವವರು ಹಲವು ಪಟ್ಟು ಜಾಸ್ತಿ ಆಮ್ಲಜನಕ ಬಳಸಿದರು. ತಡೆಯುವುದು, ಅಂದರೆ ಎಕ್ಸೆಂಟ್ರಿಕ್, ಅಷ್ಟು ಅಗ್ಗ.

ತಡಿಯಂಡಮೋಳ್ ಬುಡದ ನಾಲ್ಕುನಾಡು ಅರಮನೆಯಿಂದ ಮೇಲೆ ಹೋಗುವಾಗ ಏದುಸಿರು ಬಂದು, ಇಳಿಯುವಾಗ ಹರಟೆ ಹೊಡೆಯಲು ಆಗುವುದು ಇದಕ್ಕೇ. ಆದರೆ ಅಗ್ಗದ್ದಕ್ಕೆ ಇನ್ನೊಂದು ಮುಖವಿದೆ. ಎಳೆಯುತ್ತಾ ಉದ್ದವಾಗುವಾಗ ಸ್ನಾಯುವಿನ ಒಂದೊಂದು ನಾರೂ ಹೆಚ್ಚು ಬಲ ತಡೆಯಬಲ್ಲದು. ಎತ್ತಲಾಗದ ಕಾಫಿ ಮೂಟೆಯನ್ನು ನಿಧಾನಕ್ಕೆ ಇಳಿಸಲು ಆಗುವುದೂ ಅದರಿಂದಲೇ. ಹಾಗಾಗಿ ಅದೇ ಭಾರಕ್ಕೆ ದೇಹ ಕಡಿಮೆ ನಾರುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮಂಡಿ ಮಡಚುತ್ತದೆ, ಮೈಭಾರವೆಲ್ಲ ಬೀಳುತ್ತದೆ, ತೊಡೆಯ ಮುಂಭಾಗ ಅದನ್ನು ತಡೆಯುತ್ತಾ ಉದ್ದವಾಗುತ್ತದೆ. ಇಂಥ ಸಾವಿರಾರು ಹೆಜ್ಜೆ ಆ ಸ್ವಲ್ಪ ನಾರುಗಳ ಮೇಲೇ ಬಿದ್ದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ಆ ದಿನವೇನೂ ಗೊತ್ತಾಗುವುದಿಲ್ಲ. ನೋವು ಜೋರಾಗುವುದು 24ರಿಂದ 72 ಗಂಟೆಯ ಒಳಗೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡು ನೋವು ಅಂತ ಈಗಲೂ ಹೇಳುವವರಿದ್ದಾರೆ. ಅದು ಸುಮಾರು ಒಂದು ಗಂಟೆಯಲ್ಲಿ ರಕ್ತದಿಂದ ಕರಗಿ ಹೋಗಿರುತ್ತದೆ, ಮೂರನೇ ದಿನಕ್ಕೆ ನೋಯಿಸಲು ಅಲ್ಲಿ ಇರುವುದೇ ಇಲ್ಲ.

ಹಾಗಾದರೆ ಬೆಟ್ಟಕ್ಕೆ ಹೋಗುವ ಮೊದಲು ಏನು ಮಾಡಬೇಕು

ಇಳಿಯುವುದನ್ನೇ ಅಭ್ಯಾಸ ಮಾಡಬೇಕು. ಬೆಟ್ಟಕ್ಕೆ ಅಂತ ಎಲ್ಲರೂ ಮೆಟ್ಟಿಲು ಹತ್ತುವ ಅಭ್ಯಾಸ ಮಾಡುತ್ತಾರೆ, ಇಳಿಯುವುದಕ್ಕೆ ಲಿಫ್ಟ್ ಹಿಡಿಯುತ್ತಾರೆ. ಉಲ್ಟಾ ಮಾಡಿ. ಮೂರು ವಾರ ಮೊದಲು ಶುರುಮಾಡಿ, ವಾರಕ್ಕೆ ಎರಡು ದಿನ ಸಾಕು. ಕುರ್ಚಿಯ ಮುಂದೆ ನಿಂತು, ಧೊಪ್ಪೆಂದು ಕೂರದೆ, ಐದು ಎಣಿಸುತ್ತಾ ನಿಧಾನವಾಗಿ ಕೂರಿ. ಎಂಟು ಸಲ. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನು ಮೂರು ಎಣಿಸುತ್ತಾ ನೆಲಕ್ಕೆ ಇಳಿಸಿ, ಮೇಲಿರುವ ಕಾಲಿನ ತೊಡೆಯ ಮೇಲೆ ಕೈಯಿಟ್ಟು ನೋಡಿ, ಗಟ್ಟಿಯಾಗಿರುವುದು ಅದೇ. ಒಂದೊಂದು ಕಾಲಿಗೂ ಎಂಟು ಸಲ. ಮಂಡಿನೋವು ಮೊದಲೇ ಇದ್ದರೆ ವೈದ್ಯರನ್ನು ಕೇಳಿಯೇ ಮಾಡಿ.

ಮೊದಲ ದಿನ ಜಾಸ್ತಿ ಮಾಡಲು ಹೋಗಬೇಡಿ. ಸ್ವಲ್ಪ ಮಾಡಿದರೂ ಸ್ನಾಯು ಅದನ್ನು ನೆನಪಿಟ್ಟುಕೊಂಡು ಮುಂದಿನ ಕೆಲವು ವಾರ ತನ್ನನ್ನು ಕಾಪಾಡಿಕೊಳ್ಳುತ್ತದೆ. ಎರಡನೇ ಸಲ ಅದೇ ಬೆಟ್ಟ ಇಳಿದರೆ ನೋವು ಅಷ್ಟಿರುವುದಿಲ್ಲ. ದೇಹದ ಈ ಗುಣ ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಹಾಕಿ ಆಡುವವರಿಗೆ ಇನ್ನೊಂದು. ಜೋರಾಗಿ ಓಡುತ್ತಿದ್ದವರು ಥಟ್ಟನೆ ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುವುದನ್ನು ನೋಡಿದ್ದೀರಿ. ಮುಂದಕ್ಕೆ ಚಾಚಿದ ಕಾಲನ್ನು ತಡೆಯುವಾಗ ಆ ಸ್ನಾಯು ಉದ್ದವಾಗುತ್ತಾ ಎಳೆಯುತ್ತಿರುತ್ತದೆ, ಸಾಮಾನ್ಯವಾಗಿ ಉಳುಕುವುದು ಆಗಲೇ. ಮಂಡಿಯೂರಿ ನಿಂತು, ಗೆಳೆಯನಿಂದ ಕಣಕಾಲು ಹಿಡಿಸಿಕೊಂಡು, ಮೈಯನ್ನು ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ಕೊನೆಗೆ ಕೈ ಊರಿ. ನಾಲ್ಕೈದು ಸಲದಿಂದ ಶುರುಮಾಡಿ. ಕೊಡವ ಹಾಕಿ ಉತ್ಸವಕ್ಕೆ ಅಂತ ಮಾರ್ಚಿನಲ್ಲಿ ಒಮ್ಮೆಲೇ ಮೈದಾನಕ್ಕೆ ಇಳಿಯುವವರು ಇದನ್ನು ಡಿಸೆಂಬರಿನಲ್ಲೇ ಹಿಡಿದುಕೊಂಡರೆ ಒಳ್ಳೆಯದು.

ಇಳಿಯುವ ದಿನ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಮಡಚಿರಲಿ, ಕೈಯಲ್ಲಿ ಒಂದು ಕೋಲಿರಲಿ. ಜಿಗಣೆಗೆ ಹೆದರಿ ಓಡಿಕೊಂಡು ಇಳಿಯಬೇಡಿ, ತೊಡೆಗೆ ಬೀಳುವ ಪೆಟ್ಟು ಅದರಿಂದಲೇ ಜಾಸ್ತಿ. ಮರುದಿನ ನೋವು ಬಂದರೆ ಪೂರ್ತಿ ಮಲಗಿಬಿಡುವ ಬದಲು ತೋಟದಲ್ಲಿ ಮೆಲ್ಲಗೆ ಓಡಾಡಿ. ಒಂದು ವಾರದಲ್ಲಿ ತಾನಾಗಿ ಹೋಗುತ್ತದೆ. ನೋವಿನ ಜೊತೆ ತೊಡೆ ತುಂಬಾ ಊದಿಕೊಂಡರೆ, ಅಥವಾ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹಾಗಾದರೆ ಸ್ನಾಯು ಮಿತಿಮೀರಿ ಒಡೆದು ಮೂತ್ರಪಿಂಡಕ್ಕೆ ತೊಂದರೆ ಕೊಡುವ ಅಪಾಯವಿದೆ.