ರಾತ್ರಿಯೆಲ್ಲ ಸ್ಪ್ರಿಂಕ್ಲರ್, ಹಗಲೆಲ್ಲ ತೂಕಡಿಕೆ: ಕೆಟ್ಟ ನಿದ್ದೆಯನ್ನು ದಾರಿಗೆ ತರುವುದು ಹೇಗೆ?

ಫೆಬ್ರವರಿ, ಮಾರ್ಚ್ ಬಂತೆಂದರೆ ಕೊಡಗಿನ ರೋಬಸ್ಟಾ ಕಾಫಿ ಬೆಳೆಗಾರನ ರಾತ್ರಿಯೆಲ್ಲ ಮೋಟಾರಿನ ಪಾಲು. ಹೂ ಬಿಡಿಸಲು ನೀರು ಹಾಯಿಸಬೇಕು, ಕರೆಂಟು ರಾತ್ರಿ ಬಂದರೆ ರಾತ್ರಿಯೇ. ಎರಡು ಗಂಟೆಗೆ ಟಾರ್ಚ್ ಹಿಡಿದು ಪೈಪ್ ಬದಲಿಸಿ, ಒದ್ದೆ ಕಾಲಲ್ಲಿ ಬಂದು ಮಲಗುವಾಗ ನಾಲ್ಕಾಗಿರುತ್ತದೆ. ಹತ್ತು ದಿನ ಹೀಗೆ ಕಳೆದರೆ, ಕೆಲಸ ಮುಗಿದ ಮೇಲೂ ನಿದ್ದೆ ನಾಲ್ಕಕ್ಕೇ ಬರುತ್ತದೆ. ಹೋದ ವರ್ಷ ನಾನು ಎಂಟಕ್ಕೇ ದೀಪ ಆರಿಸಿ ಮಲಗಿ ನೋಡಿದೆ. ಹೆಂಚಿನ ಮೇಲೆ ಬೀಳುವ ಸಿಲ್ವರ್ ಓಕ್ ಎಲೆ ಎಣಿಸಿದ್ದೇ ಬಂತು. ಹಗ್ಗದ ತಪ್ಪು ತುದಿ ಹಿಡಿದಿದ್ದೆ. ನಿದ್ದೆಯ ರಿಪೇರಿ ಏಳುವ ಹೊತ್ತಿನಿಂದ ಶುರುವಾಗಬೇಕು.

ಕಣ್ಣಿನ ಎರಡು ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟುತ್ತವೆ. ಅದರ ಮೇಲೆಯೇ ಸುಮಾರು 20,000 ನರಕೋಶಗಳ ಜೋಡಿ ಗೊಂಚಲು, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ನಾವು ಯಜಮಾನ ಗಡಿಯಾರ ಎನ್ನೋಣ. ಬೆಳಕಿಲ್ಲದೆಯೂ ಅದು ಓಡುತ್ತದೆ. ತೋಟದ ಅಂಚಿನ ಮುಟ್ಟಿದರೆ ಮುನಿಯೂ ಹಾಗೆಯೇ: 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ಡಿ ಮೈರಾನ್ ಅಂಥ ಗಿಡವನ್ನು ಕತ್ತಲಲ್ಲಿಟ್ಟರೂ ಅದು ಹಗಲಿಗೆ ಎಲೆ ಬಿಚ್ಚಿ ರಾತ್ರಿಗೆ ಮಡಚುತ್ತಿತ್ತು. ನಮ್ಮ ಬಹುತೇಕರ ಗಡಿಯಾರದ ದಿನ ಮಾತ್ರ 24 ಗಂಟೆಗಿಂತ ತುಸು ಉದ್ದ. ಅದನ್ನು ದಿನಾ ಬೆಳಗಿನ ಬೆಳಕು ತಿದ್ದಬೇಕು.

ಮೊದಲ ಕೆಲಸ ಅಲಾರಂ. ಈಗ ಹತ್ತಕ್ಕೆ ಎಚ್ಚರವಾಗುತ್ತಿದ್ದರೆ ನಾಳೆ ಒಂಬತ್ತು, ನಾಡಿದ್ದು ಎಂಟು. ಒಂದೇ ಏಟಿಗೆ ಐದಕ್ಕೆ ಇಡಬೇಡಿ. ಮಾಮೂಲು ಎಚ್ಚರಕ್ಕೆ ಎರಡು ಮೂರು ಗಂಟೆ ಮೊದಲು ಮೈಯ ಬಿಸಿ ತೀರಾ ಇಳಿದಿರುತ್ತದೆ. ಆ ಹೊತ್ತು ದಾಟಿದ ಮೇಲೆ ಕಂಡ ಬೆಳಕು ರಾತ್ರಿಯ ನಿದ್ದೆಯನ್ನು ಬೇಗ ತರುತ್ತದೆ. ಅದಕ್ಕೂ ಮೊದಲು ಕಂಡದ್ದು ಇನ್ನಷ್ಟು ತಡ ಮಾಡುತ್ತದೆ. ಪಂಪ್‌ಹೌಸಿನ ಎಲ್‌ಇಡಿ ಬಲ್ಬು ನನಗೆ ಮಾಡಿದ ಉಪಕಾರ ಇದೇ.

ಎದ್ದ ಕೂಡಲೇ ಹೊರಗೆ ಬನ್ನಿ. ಮರದ ನೆರಳು ಸಾಲದು, ಆಕಾಶ ಕಾಣುವ ಕಾಫಿ ಕಣದಲ್ಲಿ ಅರ್ಧ ಗಂಟೆ ಓಡಾಡಿ. ಮೋಡ ಕವಿದಿದ್ದರೂ ಅಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಮನೆಯ ಟ್ಯೂಬ್‌ಲೈಟ್ ಕೆಳಗೆ ಕೆಲವು ನೂರು ಅಷ್ಟೆ. ಸೂರ್ಯನನ್ನೇ ದಿಟ್ಟಿಸಬೇಕಿಲ್ಲ.

ಇನ್ನು ಕಾಫಿ. ಈ ಜಿಲ್ಲೆಯಲ್ಲಿ ಕಾಫಿ ಬಿಡಿ ಎಂದರೆ ಅಂಗಳದಿಂದಲೇ ಓಡಿಸುತ್ತಾರೆ, ಆದ್ದರಿಂದ ಹೊತ್ತಿನ ಮಾತು ಮಾತ್ರ ಆಡುತ್ತೇನೆ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ. ಕಣ್ಣು ಎಳೆಯುವುದು ಅದರ ಭಾರಕ್ಕೆ. ಕೆಫೀನ್ ಅದನ್ನು ಕರಗಿಸುವುದಿಲ್ಲ. ಅದು ಕೂರುವ ಜಾಗದಲ್ಲಿ ತಾನು ಕೂತು ಭಾರ ತಿಳಿಯದಂತೆ ಮಾಡುತ್ತದೆ. ಕುಡಿದ ಐದಾರು ಗಂಟೆಯ ಮೇಲೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಅದರ ಮೇಲೆ ನಮ್ಮ ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನು. ಸಂಜೆ ಐದರ ಬೆಲ್ಲದ ಕಾಫಿ ರಾತ್ರಿ ಹತ್ತಕ್ಕೂ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತದೆ. ಈ ಒಂದು ವಾರ ಮಧ್ಯಾಹ್ನದ ಊಟಕ್ಕೆ ಮೊದಲೇ ಕೊನೆಯ ಲೋಟ ಮುಗಿಸಿ. ಮಧ್ಯಾಹ್ನ ತಡೆಯಲಾಗದಿದ್ದರೆ ಇಪ್ಪತ್ತು ನಿಮಿಷ ಒರಗಬಹುದು. ಎರಡು ಗಂಟೆ ಗೊರಕೆ ಹೊಡೆದರೆ ರಾತ್ರಿಗೆಂದು ಕೂಡಿಟ್ಟ ಭಾರವೆಲ್ಲ ಖಾಲಿ.

ಪಿತ್ತಜನಕಾಂಗಕ್ಕೂ ತನ್ನದೇ ಗಡಿಯಾರವಿದೆ, ಅದು ಹೆಚ್ಚಾಗಿ ಊಟದ ಹೊತ್ತು ನೋಡುತ್ತದೆ. ನಡುರಾತ್ರಿಯ ಅಕ್ಕಿರೊಟ್ಟಿ ಅದಕ್ಕೆ ಹಗಲಿನ ಸುದ್ದಿ. ಏಳೂವರೆಯೊಳಗೆ ಊಟ ಮುಗಿಸಿ, ಆಮೇಲೆ ದೊಡ್ಡ ದೀಪ ಆರಿಸಿ. ಬೆಳಕು ಜೋರಾಗಿದ್ದರೆ, ರಾತ್ರಿಯಾಯಿತೆಂದು ಮೈಗೆ ಸಾರುವ ಮೆಲಟೋನಿನ್ ಎಂಬ ಹಾರ್ಮೋನು ಏರುವುದು ತಡವಾಗುತ್ತದೆ.

ನನಗೆ ಆರು ದಿನ ಹಿಡಿಯಿತು. ಅಷ್ಟರಲ್ಲಿ ಬ್ಯಾಕಿಂಗ್ ನೀರಿನ, ಅಂದರೆ ಹೂ ಬಿಟ್ಟ ಮೇಲೆ ಹಾಯಿಸುವ ಎರಡನೇ ನೀರಿನ, ಸರದಿ. ಈ ಸಲ ಪಂಪ್‌ಹೌಸಿಗೆ ಸಣ್ಣ ಹಳದಿ ಬಲ್ಬು ಹಾಕಿ, ಸ್ಟಾರ್ಟರ್ ಕಾಣುವಷ್ಟು ಮಾತ್ರ ಬೆಳಕು ಬೀಳುವಂತೆ ಕೆಳಕ್ಕೆ ಇಳಿಬಿಟ್ಟಿದ್ದೇನೆ.