ದೋಟಿ ಕೊಳ್ಳುವ ಮೊದಲು ಅಡಿಕೆ ಮರ ಅಳೆಯುವುದು: ನನ್ನ ಅನುಭವ

ನೆಲದಲ್ಲೇ ನಿಂತು ಅಡಿಕೆ ಗೊನೆ ಕೊಯ್ಯುವ ಉದ್ದ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ, ಉದ್ದವಾದಷ್ಟೂ ದುಬಾರಿ, ಭಾರವೂ ಹೆಚ್ಚು. ತೀರ್ಥಹಳ್ಳಿ, ಸಾಗರದ ಕಡೆ ಹಳೆ ತೋಟದ ಮರಗಳನ್ನು ಕಣ್ಣಂದಾಜಿನಲ್ಲಿ ನಂಬುವಂತಿಲ್ಲ. ನಾನು ಕೋನ ಹಿಡಿದೇ ಅಳೆಯುತ್ತೇನೆ.

ಜಾಮಿಟ್ರಿ ಬಾಕ್ಸಿನ ಕೋನಮಾಪಕದ ನೇರ ಅಂಚಿಗೆ ಖಾಲಿ ಪೆನ್ನಿನ ಕೊಳವೆ ಅಂಟಿಸಿ, ನಡುವಿನ ತೂತಿನಿಂದ ದಾರ ಇಳಿಬಿಟ್ಟು, ತುದಿಗೆ ಕಬ್ಬಿಣದ ನಟ್ಟು ಕಟ್ಟಿದರೆ ಸಾಕು. ಕೊಳವೆ ಮಟ್ಟವಾಗಿದ್ದಾಗ ದಾರ 90ರ ಮೇಲಿರುತ್ತದೆ. ಮೇಲೆ ನೋಡಿದಾಗ 90ರಿಂದ ಎಷ್ಟು ಸರಿಯಿತೋ ಅಷ್ಟು ಉನ್ನತ ಕೋನ. ದಾರ ತೂಗಾಡುವುದು ನಿಂತ ಮೇಲೆ ಬೆರಳಲ್ಲಿ ಅದುಮಿ ಹಿಡಿದು, ಆಮೇಲೆ ಓದಿ.

ಗುರಿ ಹಿಡಿಯಬೇಕಾದ್ದು ಗೊನೆಗೆ. ಮರದ ತುದಿಯ ಸುಳಿಗೆ ಹಿಡಿದರೆ ದೋಟಿಗೆ ಬೇಡದ ಎತ್ತರವೂ ಸೇರುತ್ತದೆ. ಮರದಿಂದ 15 ಮೀಟರ್ ದೂರ ನಿಂತಾಗ ಗೊನೆಗೆ 42°, ಬುಡಕ್ಕೆ ಕೆಳಮುಖವಾಗಿ 8° ಬಂತು ಅನ್ನಿ. ಕ್ಯಾಲ್ಕ್ಯುಲೇಟರಿನ ಟ್ಯಾನ್ (tan) ಒತ್ತಿದರೆ ಟ್ಯಾನ್ 42 ಅಂದರೆ 0.900, ಟ್ಯಾನ್ 8 ಅಂದರೆ 0.141. ಕೂಡಿಸಿ 15ರಿಂದ ಗುಣಿಸಿದರೆ 15.6 ಮೀಟರ್, ಹೆಚ್ಚುಕಡಿಮೆ 51 ಅಡಿ. ಬುಡ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಕೂಡಿಸಬಾರದು, ಕಳೆಯಬೇಕು. ಮೊಬೈಲಿನಲ್ಲಿ ಟ್ಯಾನ್ 42ಕ್ಕೆ 2.29 ಬಂದರೆ ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿ.

ನಮ್ಮ ಕಡೆ ಲೆಕ್ಕ ಕೆಡುವುದು ಕೋನಕ್ಕಿಂತ ಹೆಚ್ಚಾಗಿ ದೂರದಲ್ಲಿ. 15° ಇಳಿಜಾರಿನಲ್ಲಿ ನೆಲಕ್ಕೆ ಹಾಸಿದ 15 ಮೀಟರ್ ಟೇಪು ಅಡ್ಡಕ್ಕೆ ಬರೀ 14.5 ಮೀಟರ್. ಅದಕ್ಕೇ ಟೇಪನ್ನು ಎರಡು ಮೂರು ಮೀಟರಿನ ತುಂಡಾಗಿ ಮಟ್ಟಸವಾಗಿ ಹಿಡಿದು, ತುದಿಯಿಂದ ತೂಕದ ದಾರ ಇಳಿಸಿ, ಅದು ಮುಟ್ಟಿದ ಜಾಗದಿಂದ ಮುಂದಿನ ತುಂಡು ಶುರು ಮಾಡಬೇಕು. ಗಿಡದ ಅಂತರ ಒಂಬತ್ತು ಅಡಿ ಎಂದು ಸಾಲು ಎಣಿಸುವ ಸುಲಭದ ದಾರಿ ಬೇಡ. ಹಳೆ ತೋಟದಲ್ಲಿ ನಾಟಿ ಅಷ್ಟು ಕರಾರುವಾಕ್ಕಾಗಿರುವುದಿಲ್ಲ.

ಇನ್ನೊಂದು, ಮರದ ವಾಲು. 15 ಮೀಟರ್ ದೂರದಿಂದ ನೋಡುವಾಗ ಗೊನೆಯ ಜಾಗ ನಮ್ಮತ್ತ ಒಂದು ಮೀಟರ್ ಬಾಗಿದ್ದರೂ ಕಣ್ಣಿನ ಮಟ್ಟದ ಮೇಲಿನ ಎತ್ತರ ಶೇ. 7ರಷ್ಟು ಹೆಚ್ಚಾಗಿ ಬರುತ್ತದೆ. ವಾಲಿದ ದಿಕ್ಕಿಗೆ ಅಡ್ಡಲಾಗಿ ನಿಂತರೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಕೋನ 45°ರ ಆಸುಪಾಸಿನಲ್ಲಿರುವ ಹಾಗೆ ದೂರ ಆರಿಸಿಕೊಳ್ಳಿ, ಓದುವ ತಪ್ಪಿನ ಹೊಡೆತ ಅಲ್ಲಿ ಕನಿಷ್ಠ. ಸೋಗೆ ಅಡ್ಡ ಬಂದರೆ ಬಸಿಗಾಲುವೆಯ ಗುಂಟ ನೋಡಿದರೆ ಸಾಮಾನ್ಯವಾಗಿ ಕಿಂಡಿ ಸಿಗುತ್ತದೆ.

ಹಳ್ಳದಾಚೆಯ ಮರದ ಬುಡಕ್ಕೆ ಟೇಪು ಹೋಗದಿದ್ದರೆ ಒಂದೇ ಮಟ್ಟದಲ್ಲಿ, ಮರದ ನೇರಕ್ಕೆ, 10 ಮೀಟರ್ ಅಂತರದ ಎರಡು ಜಾಗದಿಂದ ನೋಡಬಹುದು. ಹತ್ತಿರದಿಂದ 45°, ದೂರದಿಂದ 30° ಇದ್ದರೆ ಕಣ್ಣಿನ ಮಟ್ಟದ ಮೇಲೆ 13.66 ಮೀಟರ್. ಆ 30°ಯನ್ನು 31° ಎಂದು ಓದಿದರೆ ಅದೇ 15.05 ಆಗುತ್ತದೆ. ದೋಟಿ ಲೆಕ್ಕಕ್ಕೆ ಇಷ್ಟು ವ್ಯತ್ಯಾಸ ನಡೆಯದು. ಹಳ್ಳ ದಾಟುವ ದಾರಿ ಇದ್ದರೆ ದಾಟಿ ಹೋಗಿ ಟೇಪು ಹಿಡಿಯುವುದೇ ವಾಸಿ.